ಕಾಫಿ ತೋಟಕ್ಕೆ ಸೆಕೆಂಡ್ ಹ್ಯಾಂಡ್ ಜೀಪು: ಯಾವ್ದು ತಗೊಳ್ಳಿ, ಹೆಂಗೆ ನೋಡಿ ತಗೊಳ್ಳಿ?

ಪ್ರಶ್ನೆ: ಸರ್, ನಮ್ದು ಮೂಡಿಗೆರೆ ಹತ್ರ ಏಳೆಕರೆ ಕಾಫಿ ತೋಟ. ಟಾರ್ ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣು ದಾರಿ, ಮಧ್ಯ ಒಂದು ಸಣ್ಣ ಹಳ್ಳ, ಆಮೇಲೆ ಒಂದು ಕಡಿದಾದ ಏರು. ಮಳೆಗಾಲ ಪೂರ್ತಿ ಕಾರನ್ನ ಮೇಲೆ ರಸ್ತೆ ಹತ್ರನೇ ನಿಲ್ಲಿಸಿ ನಡ್ಕೊಂಡು ಬರ್ಬೇಕು. ಅಪ್ಪನಿಗೆ ವಯಸ್ಸಾಗಿದೆ, ಆಗಾಗ ಚಿಕ್ಕಮಗಳೂರಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಗೊಬ್ಬರ, ಕಾಫಿ ಮೂಟೆ ಸಾಗಿಸೋದೂ ಇದೆ. ಬಜೆಟ್ ಆರು ಲಕ್ಷ. ಮೂರು ಗಾಡಿ ನೋಡಿಟ್ಟಿದ್ದೀನಿ. ಒಂದು ಬೆಂಗಳೂರಲ್ಲಿರೋ 2014ರ ಮಹೀಂದ್ರಾ ಥಾರ್ ಸಿಆರ್‌ಡಿಇ (ಡೀಸೆಲ್), 62,000 ಕಿಲೋಮೀಟರ್ ಓಡಿದೆ, ದೊಡ್ಡ ಟೈರು, ವಿಂಚು (ಹೂತ ಗಾಡಿ ಎಳೆಯೋ ಹಗ್ಗದ ರಾಟೆ), ಸ್ನಾರ್ಕೆಲ್ (ಇಂಜಿನ್ನಿಗೆ ಮೇಲಿಂದ ಗಾಳಿ ಎಳ್ಕೊಳ್ಳೋ ಕೊಳವೆ) ಎಲ್ಲಾ ಹಾಕ್ಸಿದ್ದಾರೆ, 6.30 ಲಕ್ಷ ಹೇಳ್ತಿದ್ದಾರೆ. ಎರಡನೇದು ಕೊಡಗಿನ ಪ್ಲಾಂಟರ್ ಒಬ್ಬರ 2008ರ ಜಿಪ್ಸಿ ಹಾರ್ಡ್ ಟಾಪ್, ಒಂದೇ ಓನರ್, 3.80 ಲಕ್ಷ. ಮೂರನೇದು ದೆಹಲಿ ನಂಬರಿನ 2013ರ ಥಾರ್, ಬ್ರೋಕರ್ ಕಡೆಯಿಂದ, 4.20 ಲಕ್ಷಕ್ಕೆ ಮನೆಗೆ ತಂದುಕೊಡ್ತೀನಿ ಅಂತಾನೆ. ಯಾವ್ದು ತಗೊಳ್ಲಿ?

ಉತ್ತರ: ಮೊದ್ಲು ನೇರವಾಗಿ ಹೇಳ್ಬಿಡ್ತೀನಿ, ಕಾರಣ ಆಮೇಲೆ ಹೇಳ್ತೀನಿ. ದೆಹಲಿ ಗಾಡಿ ಬಿಟ್ಬಿಡಿ. ಜಿಪ್ಸಿನ ಮೊದ್ಲು ಹೋಗಿ ನೋಡಿ. ಬೆಂಗಳೂರಿನ ಥಾರ್ ನೋಡೋದಾದ್ರೆ ಆ ವಿಂಚು, ಸ್ನಾರ್ಕೆಲ್ ಇದೆ ಅನ್ನೋದನ್ನ ಮರ್ತು ನೋಡಿ. ಮೂರಕ್ಕೂ ಇನ್ನೂ ಒಂದು ರೂಪಾಯಿ ಅಡ್ವಾನ್ಸ್ ಕೊಡ್ಬೇಡಿ.

ಕಾರು ಕೊಳ್ಳೋ ಲೆಕ್ಕ ಬೇರೆ, ಜೀಪು ಕೊಳ್ಳೋ ಲೆಕ್ಕ ಬೇರೆ. ಕಾರಲ್ಲಿ ಎಷ್ಟು ಕಿಲೋಮೀಟರ್ ಓಡಿದೆ, ಯಾವ ವರ್ಷದ್ದು ಅಂತ ನೋಡಿದ್ರೆ ಮುಕ್ಕಾಲು ಭಾಗ ಗೊತ್ತಾಗುತ್ತೆ. ಜೀಪಲ್ಲಿ ಹಂಗಲ್ಲ, ಇಪ್ಪತ್ತು ಸಾವಿರ ಕಿಲೋಮೀಟರ್ ಬರೀ ಫೋರ್ ಲೋದಲ್ಲಿ (ನಾಲ್ಕೂ ಚಕ್ರ ಎಳೆಯೋ ನಿಧಾನದ ಗೇರಲ್ಲಿ) ಕಲ್ಲು ಹತ್ತಿಸಿ ಇಳಿಸಿರೋ ಗಾಡಿ ಒಂದೂವರೆ ಲಕ್ಷ ಕಿಲೋಮೀಟರ್ ಹೈವೇಲಿ ಓಡಿರೋ ಗಾಡಿಗಿಂತ ಹೆಚ್ಚು ಸವೆದಿರುತ್ತೆ, ಮೀಟರಲ್ಲಿ ಅದು ಕಾಣಲ್ಲ. ಅದಕ್ಕೇ ನಾನು ಯಾವಾಗ್ಲೂ ಹೇಳೋದು, ಜೀಪನ್ನ ನೋಡೋಕೆ ಮುಂಚೆ ಅದನ್ನ ಇಟ್ಕೊಂಡವರನ್ನ ನೋಡಿ, ಏನಕ್ಕೆ ಬಳಸ್ತಿದ್ರು, ಯಾರು ಓಡಿಸ್ತಿದ್ರು, ಯಾರ ಹತ್ರ ಕೆಲ್ಸ ಮಾಡಿಸ್ತಿದ್ರು ಅಂತ ಕೇಳಿ. ಒಂದು ಪ್ರಶ್ನೆ ತಪ್ಪದೇ ಕೇಳಿ: ಡಿಫರೆನ್ಷಿಯಲ್ ಆಯಿಲು, ಟ್ರಾನ್ಸ್‌ಫರ್ ಕೇಸ್ ಆಯಿಲು ಕೊನೇ ಸಲ ಯಾವಾಗ ಬದಲಾಯಿಸಿದ್ರಿ? ಡಿಫರೆನ್ಷಿಯಲ್ ಅಂದ್ರೆ ಎರಡು ಚಕ್ರದ ನಡುವೆ ಶಕ್ತಿ ಹಂಚೋ ಗೇರು, ಅದರ ಕಬ್ಬಿಣದ ಡಬ್ಬಿನೇ ಹೌಸಿಂಗು; ಟ್ರಾನ್ಸ್‌ಫರ್ ಕೇಸ್ ಅಂದ್ರೆ ಶಕ್ತಿನ ಮುಂದಿನ ಚಕ್ರಕ್ಕೂ ಕಳಿಸೋ ಗೇರ್ ಡಬ್ಬಿ. ಇಂಜಿನ್ ಆಯಿಲ್ ಎಲ್ಲರೂ ಹಾಕಿಸ್ತಾರೆ. ಹೌಸಿಂಗ್ ಆಯಿಲ್ ಬಗ್ಗೆ ಯೋಚನೆ ಮಾಡಿ ಬಿಲ್ ಹುಡುಕಿ ತೋರಿಸೋ ಮನುಷ್ಯನ ಗಾಡಿ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ. ಏನದು ಅಂತ ವಾಪಸ್ ಕೇಳಿದ್ರೆ ಆ ಆಯಿಲು ಕಂಪನಿಯಿಂದ ಬಂದಿದ್ದೇ ಇರಬಹುದು ಅಂತ ಅಂದ್ಕೊಳ್ಳಿ.

ಇನ್ನೊಂದು ವಿಷಯ ಜನಕ್ಕೆ ಹೊಳೆಯೋದೇ ಇಲ್ಲ. ಹೊಡೆದು ಬಡಿದು ಓಡಿಸಿದ ಗಾಡಿ ಮಾತ್ರ ಕೆಟ್ಟಿರುತ್ತೆ ಅಂತ ಅಂದ್ಕೊಂಡಿರ್ತಾರೆ, ಫೋರ್ ವೀಲ್ ಡ್ರೈವ್ ಹಾಕದೇ ಸುಮ್ನೆ ಇಟ್ಟಿದ್ದೂ ಕೆಡುತ್ತೆ. ಸಿಟಿಲಿ ಶೋಕಿಗೆ ಇಟ್ಟ ಜೀಪಲ್ಲಿ ಟ್ರಾನ್ಸ್‌ಫರ್ ಲಿವರ್ ವರ್ಷಗಟ್ಟಲೆ ಅಲ್ಲಾಡಿರಲ್ಲ, ಲಿಂಕೇಜ್ ಬಿಗಿದು ಹೋಗಿರುತ್ತೆ, ಮುಂದಿನ ಶಾಫ್ಟಿನ ಕ್ರಾಸ್‌ಗೆ (ಶಾಫ್ಟ್ ತುದಿಯ ಕೀಲಿಗೆ) ಗ್ರೀಸ್ ಕಂಡಿರಲ್ಲ, ಆಯಿಲ್ ಸೀಲು ಒಣಗಿ ಬಿರುಕು ಬಿಟ್ಟಿರುತ್ತೆ. ಓನರು ಸುಳ್ಳು ಹೇಳ್ತಿರಲ್ಲ ಪಾಪ, ಆಫ್ ರೋಡ್ ಒಂದು ಸಲಾನೂ ಮಾಡಿಲ್ಲ ಸರ್ ಅಂತ ಹೆಮ್ಮೆಯಿಂದಾನೇ ಹೇಳ್ತಾರೆ. ನಿಮ್ಮ ಕೆಲ್ಸಕ್ಕೆ ಬೇಕಾಗಿರೋದು ಹದವಾಗಿ ಬಳಸಿ, ಕಾಲಕಾಲಕ್ಕೆ ಗ್ರೀಸು ಆಯಿಲು ಕಂಡಿರೋ ಗಾಡಿ, ಅಂಥದ್ದು ಹೆಚ್ಚಾಗಿ ತೋಟದವರ ಹತ್ರಾನೇ ಸಿಗುತ್ತೆ.

ಈಗ ದೆಹಲಿ ಗಾಡಿ. ಅದ್ಯಾಕೆ ಅಷ್ಟು ಕಮ್ಮಿಗೆ ಸಿಗುತ್ತೆ ಅಂದ್ರೆ, ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) 2015ರಲ್ಲಿ ಆದೇಶ ಮಾಡ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಅಲ್ಲಿಂದ ಡೀಸೆಲ್ ಗಾಡಿಗಳು ಸಾಲುಸಾಲಾಗಿ ದಕ್ಷಿಣಕ್ಕೆ ಬರ್ತಾ ಇವೆ. ಅದರಲ್ಲಿ ಒಳ್ಳೇ ಗಾಡಿಗಳೂ ಇವೆ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಬ್ರೋಕರ್ ಹೇಳಿದ 4.20 ಲಕ್ಷದಲ್ಲಿ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಸೇರಿದ್ಯಾ ಕೇಳಿ. ಬೇರೆ ರಾಜ್ಯದ ಗಾಡಿ ಇಲ್ಲೇ ಇಟ್ಕೊಳ್ಳೋದಾದ್ರೆ ಇಲ್ಲಿ ಟ್ಯಾಕ್ಸ್ ಕಟ್ಟಿ ಇಲ್ಲಿನ ನಂಬರ್ ಮಾಡಿಸ್ಲೇಬೇಕು, ಗಾಡಿ ಹೊಸದಿದ್ದಾಗಿನ ಬೆಲೆ ಮತ್ತೆ ಅದರ ವಯಸ್ಸು ಎರಡೂ ನೋಡಿ ಟ್ಯಾಕ್ಸ್ ಹಾಕ್ತಾರೆ. ಅದಕ್ಕೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬರ್ಬೇಕು, ಇಲ್ಲಿ ಇನ್ಸ್‌ಪೆಕ್ಷನ್ ಆಗ್ಬೇಕು, ಅಷ್ಟೆಲ್ಲಾ ಮುಗಿಯೋ ಹೊತ್ತಿಗೆ ಕಮ್ಮಿ ರೇಟು ಅನ್ನೋದು ಕರಗಿ ಹೋಗಿರುತ್ತೆ. ಇದು 2013ರ ಗಾಡಿ ಅಂದ್ರೆ 2028ಕ್ಕೆ ಹದಿನೈದು ವರ್ಷ ತುಂಬಿ ಮತ್ತೆ ಆರ್‌ಟಿಒ ಬಾಗಿಲಿಗೆ ಹೋಗ್ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹಳೇ ಓನರ್ ಮುಖ ನೀವು ನೋಡಲ್ಲ, ಗಾಡಿ ಹೆಂಗೆ ಬದುಕಿತ್ತು ಅಂತ ಹೇಳೋರು ಯಾರೂ ಇಲ್ಲ. ಮನೆಗೆ ತಂದುಕೊಡ್ತೀನಿ ಅಂತಾನಲ್ಲ, ಮನೆಗೆ ಬಂದ್ಮೇಲೆ ಬೇಡ ಅನ್ನೋದು ಎಷ್ಟು ಕಷ್ಟ ಅಂತ ಅವನಿಗೂ ಗೊತ್ತು.

ಇದೇ ಸಾಲಿಗೆ ಸೇರಿದ ಇನ್ನೂ ಎರಡು ತರದ ಗಾಡಿ ನಿಮ್ಗೆ ಯಾರಾದ್ರೂ ತೋರಿಸಬಹುದು. ಒಂದು ಹರಿಯಾಣದ ಮಂಡಿ ಡಬ್ವಾಲಿ ಕಡೆ ಕಟ್ಟಿಸ್ಕೊಂಡು ಬರೋ ಓಪನ್ ಜೀಪುಗಳು. ಹಳೇ ಪಾರ್ಟುಗಳನ್ನ ಜೋಡಿಸಿ ಹೊಸ ಬಾಡಿ ಕೂರಿಸಿ ಪಳಪಳ ಅನ್ನಿಸಿರ್ತಾರೆ, ಆದ್ರೆ ಆರ್‌ಸಿಲಿ ಇರೋ ಗಾಡಿಗೂ ನಿಮ್ಮೆದುರು ನಿಂತಿರೋ ಗಾಡಿಗೂ ಎಷ್ಟೋ ಸಲ ಸಂಬಂಧ ಇರಲ್ಲ. ಇನ್ನೊಂದು ಮಿಲಿಟರಿ ಹರಾಜಿನ ಜಿಪ್ಸಿ. ಹರಾಜಿನ ಪೇಪರ್ ಇದೆ ಅಂತ ತೋರಿಸ್ತಾರೆ, ಅದು ಆರ್‌ಸಿ ಅಲ್ಲ. ನಿಮ್ಮ ಹೆಸರಿಗೆ ಸಿವಿಲ್ ನಂಬರ್ ಆಗೋ ತನಕ ಅದನ್ನ ರಸ್ತೆಗೆ ಇಳಿಸೋ ಹಂಗಿಲ್ಲ. ಮಾರೋರೇ ರಿಜಿಸ್ಟ್ರೇಷನ್ ಮುಗಿಸಿ ಕೊಟ್ರೆ ಮಾತಾಡಿ, ಇಲ್ಲಾಂದ್ರೆ ಬೇಡ.

ಬೆಂಗಳೂರಿನ ಥಾರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ತುಂಬಾ ಜನ ಬೀಳೋದೇ ಇಂಥಾ ಗಾಡಿಗೆ. ಗಾಡಿ ಒಳ್ಳೇದೇ, 2010ರಲ್ಲಿ ಬಂದ ಮೊದಲನೇ ತಲೆಮಾರಿನ ಥಾರ್, ಎರಡೂವರೆ ಲೀಟರ್ ಸಿಆರ್‌ಡಿಇ ಡೀಸೆಲ್, 105 ಎಚ್‌ಪಿ, ಮುಂದೆ ಟಾರ್ಷನ್ ಬಾರ್ (ಸ್ಪ್ರಿಂಗ್ ತರ ಕೆಲ್ಸ ಮಾಡೋ, ತಿರುಚೋ ಸರಳು) ಇರೋ ಇಂಡಿಪೆಂಡೆಂಟ್ ಸಸ್ಪೆನ್ಷನ್, ಹಿಂದೆ ಲೀಫ್ ಸ್ಪ್ರಿಂಗ್. ತೋಟದ ಕೆಲ್ಸಕ್ಕೆ ಬೇಕಾದಷ್ಟು ಶಕ್ತಿ ಇದೆ. ಆದ್ರೆ 2014ರದ್ದರಲ್ಲಿ ಹಿಂದಿನ ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗೋ ಹಂಗೆ ಮಾಡೋದು) ಇಲ್ಲ, ಅದು ಕಂಪನಿಯಿಂದಲೇ ಬಂದಿದ್ದು 2015ರ ಫೇಸ್‌ಲಿಫ್ಟ್ ಸಿಆರ್‌ಡಿಇಲಿ. ನಿಮ್ಮ ಏರಲ್ಲಿ ಒಂದು ಹಿಂದಿನ ಚಕ್ರ ಗಾಳೀಲಿ ತಿರುಗೋಕೆ ಶುರು ಮಾಡಿದಾಗ ಆ ಲಾಕರ್ ಬೆಲೆ ಗೊತ್ತಾಗುತ್ತೆ, ಯಾವ ವಿಂಚಿಗಿಂತಲೂ ಅದು ದಿನಾ ಕೆಲ್ಸಕ್ಕೆ ಬರುತ್ತೆ. ಹಂಗಾಗಿ 6.30 ಕೊಡೋದಾದ್ರೆ ಸ್ವಲ್ಪ ಕಾದು, ಏನೂ ಎಕ್ಸ್ಟ್ರಾ ಹಾಕಿಸದೇ ಇರೋ 2015ರ ನಂತರದ ಗಾಡಿ ಹುಡುಕೋದು ಮೇಲು.

ದೊಡ್ಡ ಟೈರಿನ ವಿಷಯ ನೋಡಿ. ಆ ಥಾರಿಗೆ ಕಂಪನಿ ಕೊಟ್ಟಿದ್ದು 235/70 ಆರ್16, ಎತ್ತರ ಸುಮಾರು 29 ಇಂಚು. ಅದಕ್ಕೆ 31 ಇಂಚಿನ ಟೈರ್ ಹಾಕಿದ್ರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತೆ, ಆದ್ರೆ ಮೀಟರ್ ಹಳೇ ಲೆಕ್ಕದಲ್ಲೇ ಎಣಿಸುತ್ತೆ, ಅಂದ್ರೆ ಮೀಟರು ಸುಮಾರು ಶೇಕಡಾ 7ರಷ್ಟು ಕಮ್ಮಿ ತೋರಿಸುತ್ತೆ. ಮೊದಲಿಂದಲೂ ಆ ಟೈರೇ ಇದ್ರೆ 62,000 ಅಲ್ಲ, 66,000 ದಾಟಿದೆ. ಇದು ಸಣ್ಣ ವಿಷಯ ಬಿಡಿ. ದೊಡ್ಡ ವಿಷಯ ಏನಂದ್ರೆ ಆ ಭಾರವಾದ ಚಕ್ರನ ತಿರುಗಿಸೋದು, ನಿಲ್ಲಿಸೋದು, ಹೊತ್ಕೊಳ್ಳೋದು ಎಲ್ಲಾ ಅದೇ ಹಳೇ ಬೇರಿಂಗು, ಬಾಲ್ ಜಾಯಿಂಟು, ಸ್ಟೀರಿಂಗು, ಬ್ರೇಕು. ಟೈರ್ ತಾಗಬಾರದು ಅಂತ ಟಾರ್ಷನ್ ಬಾರ್ ಬಿಗಿ ಮಾಡಿ ಮುಂಭಾಗ ಎತ್ತರಿಸಿರ್ತಾರೆ, ಆಗ ಮುಂದಿನ ಆಕ್ಸೆಲ್ ಶಾಫ್ಟ್ ಓರೆಯಾಗಿ ತಿರುಗುತ್ತೆ, ರಬ್ಬರ್ ಬೂಟ್ ಬೇಗ ಹರಿಯುತ್ತೆ, ಒಳಗೆ ಕೆಸರು ಸೇರಿ ಜಾಯಿಂಟ್ ಹೋಗುತ್ತೆ. ಸ್ನಾರ್ಕೆಲ್ ಇದೆ ಅಂದ್ರೆ ನೀರಿಗೆ ಇಳಿಸಿರಬಹುದು, ಸ್ನಾರ್ಕೆಲ್ ಇಂಜಿನ್ ಉಸಿರಾಟ ಕಾಪಾಡುತ್ತೆ, ಹೌಸಿಂಗ್ ಒಳಗೆ ನೀರು ಹೋಗೋದನ್ನ ತಡೆಯಲ್ಲ. ಮೆಕ್ಯಾನಿಕ್ ಕೈಲಿ ಡಿಫರೆನ್ಷಿಯಲ್ಲಿನ ಫಿಲ್ಲರ್ ನಟ್ ಬಿಚ್ಚಿಸಿ ಬೆರಳಿಟ್ಟು ನೋಡಿ, ಆಯಿಲು ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ, ಬೇರಿಂಗು, ಕ್ರೌನು (ಡಿಫರೆನ್ಷಿಯಲ್ ಒಳಗಿನ ದೊಡ್ಡ ಗೇರು) ತುಕ್ಕು ಹಿಡಿಯೋಕೆ ಶುರುವಾಗಿರುತ್ತೆ.

ಕಾನೂನಿನ ಕಡೆಯಿಂದಾನೂ ತೊಂದರೆ ಇದೆ. ಕಂಪನಿ ಹೇಳಿದ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಂಗಿಲ್ಲ ಅಂತ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಹೇಳುತ್ತೆ, ಸುಪ್ರೀಂ ಕೋರ್ಟೂ 2019ರ ಜನವರಿಲಿ ಅದನ್ನ ಸ್ಪಷ್ಟ ಮಾಡಿದೆ. ಮುಂದಿನ ಉಕ್ಕಿನ ಬುಲ್ ಬಾರ್‌ಗೂ 2017ರ ಕೊನೇಲಿ ಕೇಂದ್ರ ಸಾರಿಗೆ ಇಲಾಖೆ ಬೇಡ ಅಂದಿದೆ. ಇಂಥಾ ಗಾಡಿ ಕೊಂಡ್ರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹೊತ್ತಿಗೆ ಎಲ್ಲಾ ಬಿಚ್ಚಿ ಒರಿಜಿನಲ್ ಮಾಡ್ಬೇಕು, ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್‌ನವರು ಅದನ್ನೇ ನೆಪ ಮಾಡ್ಕೋಬಹುದು. ಅದಕ್ಕೆ ಓನರ್ ಹತ್ರ ಒರಿಜಿನಲ್ ಬಂಪರ್, ಒರಿಜಿನಲ್ ಚಕ್ರ ಇದ್ಯಾ ಕೇಳಿ. ಇದ್ರೆ ಅವೇ ಬೇಕು, ವಿಂಚು ನೀವೇ ಇಟ್ಕೊಳ್ಳಿ, ಅಷ್ಟು ಬೆಲೆ ಇಳಿಸಿ ಅಂತ ನೇರವಾಗಿ ಹೇಳಿ. ಅವರು ಒಂದೂವರೆ ಲಕ್ಷ ಖರ್ಚು ಮಾಡಿರಬಹುದು, ಅದು ಅವರ ಖುಷಿಗೆ ಮಾಡಿದ ಖರ್ಚು, ನಿಮ್ಮ ತೋಟಕ್ಕೆ ಅದರಿಂದ ಏನೂ ಬರಲ್ಲ.

ಇನ್ನು ಜಿಪ್ಸಿ. ಮಾರುತಿಯವರು 1985ರಲ್ಲಿ ತಂದ ಗಾಡಿ ಇದು, 2018-19ರ ಹೊತ್ತಿಗೆ ನಿಲ್ಲಿಸಿದ್ರು. 2008ರದ್ದು ಅಂದ್ರೆ 1.3 ಲೀಟರ್ ಎಂಪಿಎಫ್‌ಐ ಪೆಟ್ರೋಲ್ ಇಂಜಿನ್, 80 ಎಚ್‌ಪಿ. ಗಾಡಿ ಹಗುರ, ಸುಮಾರು ಒಂದು ಟನ್ ಅಷ್ಟೇ, ಮಲೆನಾಡಿನ ಜೌಗು ನೆಲದಲ್ಲಿ ಈ ಹಗುರತನನೇ ದೊಡ್ಡ ಬಲ, ಭಾರದ ಗಾಡಿ ಹೂತ್ಕೊಳ್ಳೋ ಕಡೆ ಇದು ಮೇಲೇ ತೇಲ್ಕೊಂಡು ಹೋಗುತ್ತೆ. ಪಾರ್ಟ್ಸ್ ಇನ್ನೂ ಸಿಗುತ್ತೆ, ಮಿಲಿಟರಿಲಿ ಅಷ್ಟೊಂದು ಗಾಡಿ ಇರೋದ್ರಿಂದ. ಕೊರತೆಗಳೂ ಇವೆ. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಒಳ್ಳೇ ರಸ್ತೇಲೂ ಕುಲುಕುತ್ತೆ. ಎಸಿ ಇಲ್ಲ. ಪೆಟ್ರೋಲ್ ಚೆನ್ನಾಗಿ ಕುಡಿಯುತ್ತೆ. ಇಂಜಿನ್ನು ಕಮ್ಮಿ ಆರ್‌ಪಿಎಮ್‌ನಲ್ಲಿ ಎಳೆಯಲ್ಲ, ಏರಲ್ಲಿ ಸ್ವಲ್ಪ ರೇಸ್ ಕೊಟ್ಟು ಓಡಿಸೋದು ಕಲೀಬೇಕು, ಅಥವಾ ಮೊದಲೇ ಫೋರ್ ಲೋಗೆ ಹಾಕ್ಕೋಬೇಕು.

ಆದ್ರೂ ಜಿಪ್ಸಿ ಮೊದ್ಲು ನೋಡಿ ಅಂತ ಯಾಕೆ ಹೇಳ್ದೆ ಅಂದ್ರೆ, ನಿಮ್ಮ ಹತ್ರ ಕಾರು ಇದ್ದೇ ಇದೆ. ಅಪ್ಪನ್ನ ಚಿಕ್ಕಮಗಳೂರು ತನಕ ಜೀಪಲ್ಲಿ ಕುಲುಕಿಸ್ಕೊಂಡು ಹೋಗ್ಬೇಕಾಗಿಲ್ಲ, ಜೀಪು ಮಾಡ್ಬೇಕಾಗಿರೋದು ಆ ಎರಡು ಕಿಲೋಮೀಟರ್ ಮಾತ್ರ, ಮೇಲೆ ಬಂದು ಕಾರು ಹತ್ತಿ. ಮೊದಲನೇ ತಲೆಮಾರಿನ ಥಾರಲ್ಲಿ ಏರ್‌ಬ್ಯಾಗ್ ಇಲ್ಲ, ಕೊನೇ ಕೊನೇ ಗಾಡಿಗಳು ಬಿಟ್ರೆ ಎಬಿಎಸ್ಸೂ ಇಲ್ಲ, ಜಿಪ್ಸಿಲೂ ಅದೇ ಕತೆ, ಹಂಗಾಗಿ ಟಾರ್ ರಸ್ತೆಗೆ ನಿಮ್ಮ ಕಾರೇ ಕ್ಷೇಮ. ದಿನಕ್ಕೆ ಒಂದೆರಡು ಸಲ ಮಣ್ಣು ದಾರಿ, ವಾರಕ್ಕೊಮ್ಮೆ ನಾಲ್ಕೈದು ಮೂಟೆ, ಇಷ್ಟೇ ಕೆಲ್ಸ ಆದ್ರೆ ಪೆಟ್ರೋಲ್ ಖರ್ಚೂ ದೊಡ್ಡದಾಗಲ್ಲ. 3.80ರ ಗಾಡಿ ಅಂದ್ರೆ ನಿಮ್ಮ ಬಜೆಟಲ್ಲಿ ಎರಡು ಲಕ್ಷದ ಮೇಲೆ ಉಳಿಯುತ್ತೆ, ಅದರಲ್ಲಿ ಗಾಡಿ ಕೆಲ್ಸ ಪೂರ್ತಿ ಮುಗಿಸಿ, ಮಿಕ್ಕಿದ್ರೆ ಆ ಕಡಿದಾದ ಏರಲ್ಲಿ ಚಕ್ರ ಹೋಗೋ ಎರಡು ಪಟ್ಟಿಗೆ ಮಾತ್ರ ಕಾಂಕ್ರೀಟ್ ಹಾಕ್ಸಿ, ಪಕ್ಕದಲ್ಲಿ ಚರಂಡಿ ತೆಗೆಸಿ. ಅದು ಯಾವ ಜೀಪಿಗಾದ್ರೂ ಆಯಸ್ಸು ಕೊಡುತ್ತೆ.

ಒಂದು ವೇಳೆ ಕಾರು ಮಾರಿ ಒಂದೇ ಗಾಡಿ ಇಟ್ಕೊಳ್ಳೋ ಯೋಚನೆ ಇದ್ರೆ ನನ್ನ ಉತ್ತರ ಬದಲಾಗುತ್ತೆ, ಆಗ ಥಾರೇ ನೋಡಿ, ಇಲ್ಲಾ ಬೊಲೆರೋ ಫೋರ್ ವೀಲ್ ಡ್ರೈವ್ ಎಲ್ಲಾದ್ರೂ ಸಿಗುತ್ತಾ ಹುಡುಕಿ. ಮೂಟೆನೇ ಮುಖ್ಯ ಅಂದ್ರೆ ಕ್ಯಾಂಪರ್ ಫೋರ್ ವೀಲ್ ಡ್ರೈವ್ ಇದೆ.

ಈಗ ನೋಡೋ ರೀತಿ. ಬೆಳಿಗ್ಗೆ ಬೇಗ ಹೋಗಿ, ಬರ್ತೀವಿ, ಗಾಡಿ ಸ್ಟಾರ್ಟ್ ಮಾಡ್ಬೇಡಿ, ತೊಳೀಲೂಬೇಡಿ ಅಂತ ಹಿಂದಿನ ದಿನಾನೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ರೆ ಯಾಕೆ ಅಂತ ಕೇಳಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗೋ ರೀತಿಲೇ ಅರ್ಧ ಕತೆ ಇರುತ್ತೆ. ನೀಲಿ ಹೊಗೆ ನಿಲ್ಲದೇ ಬಂದ್ರೆ ಆಯಿಲ್ ಸುಡ್ತಿದೆ. ಡೀಸೆಲ್ ಗಾಡೀಲಿ ಕಪ್ಪು ಹೊಗೆ ಜೋರಾಗಿ ಬಂದ್ರೆ ಇಂಜೆಕ್ಟರೋ ಟರ್ಬೋನೋ ನೋಡಿಸ್ಬೇಕು. ಬಿಸಿ ಆದ್ಮೇಲೆ ಇಂಜಿನ್ ಓಡ್ತಿರುವಾಗ್ಲೇ ಆಯಿಲ್ ಹಾಕೋ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಶನ್ ಹೊಡೀತಿದ್ಯಾ ನೋಡಿ, ಬುಸುಬುಸು ಅಂತ ಹೊಗೆ ಉಗೀತಿದ್ರೆ ಇಂಜಿನ್ ಕೆಲ್ಸ ಹತ್ರ ಇದೆ ಅಂತ ಅರ್ಥ. ರೇಡಿಯೇಟರ್ ಮುಚ್ಚಳ ಮಾತ್ರ ತಣ್ಣಗಿದ್ದಾಗ್ಲೇ ತೆಗೀಬೇಕು, ಒಳಗೆ ಬಣ್ಣದ ಕೂಲೆಂಟ್ ಇರ್ಬೇಕು, ಕೆಂಪು ತುಕ್ಕು ನೀರು ಇದ್ರೆ ಆ ಓನರ್ ಬೇರೆ ವಿಷಯದಲ್ಲೂ ಅಷ್ಟಕ್ಕಷ್ಟೇ.

ಇಂಜಿನ್‌ಗೆ ಅಷ್ಟು ಸಾಕು, ಇಂಜಿನ್ ರಿಪೇರಿ ಮಾಡಿಸಬಹುದು. ಚಾಸಿ ಕೊಳೆತ್ರೆ ಏನೂ ಮಾಡೋಕಾಗಲ್ಲ, ಅದಕ್ಕೆ ನಿಮ್ಮ ಸಮಯ ಎಲ್ಲಾ ಗಾಡಿ ಕೆಳಗೆ ಹೋಗ್ಲಿ. ಒಂದು ಹಳೇ ಚಾಪೆ, ಒಳ್ಳೇ ಟಾರ್ಚು, ಸಣ್ಣ ಸುತ್ತಿಗೆ ತಗೊಂಡು ಹೋಗಿ, ಮಲಗಿ, ಚಾಸಿ ಉದ್ದಕ್ಕೂ ತಟ್ಕೊಂಡು ಬನ್ನಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ, ಒಳಗೆ ತುಕ್ಕು ತಿಂದಿದ್ರೆ ಡಬ್ ಅನ್ನುತ್ತೆ, ಪದರ ಪದರ ಉದುರುತ್ತೆ. ಹಿಂದಿನ ಅಡ್ಡಪಟ್ಟಿ, ಲೀಫ್ ಸ್ಪ್ರಿಂಗ್ ಶ್ಯಾಕಲ್ ಕೂರೋ ಜಾಗ, ಬಾಡಿ ಮೌಂಟ್, ಹಿಂದಿನ ಚಕ್ರದ ಗೂಡಿನ ಒಳಭಾಗ, ವಿಂಡ್‌ಶೀಲ್ಡ್ ಫ್ರೇಮಿನ ಕೆಳಗಿನ ಅಂಚು ಇವು ಮೊದ್ಲು ತುಕ್ಕು ಹಿಡಿಯೋ ಜಾಗಗಳು. ಒಳಗಿನ ಮ್ಯಾಟ್ ಎತ್ತಿ ನೆಲ ನೋಡಿ, ನಮ್ಮ ಕಡೆ ಒದ್ದೆ ಕಾಲಲ್ಲಿ ಹತ್ತಿ ಇಳಿದು ಮ್ಯಾಟ್ ಕೆಳಗೆ ನೀರು ನಿಂತೇ ಎಷ್ಟೋ ಗಾಡಿ ಹೋಗಿದ್ದು. ಮಂಗಳೂರು ಕೆಎ 19, ಉಡುಪಿ ಕೆಎ 20, ಕಾರವಾರ ಕೆಎ 30, ಹೊನ್ನಾವರ ಕೆಎ 47 ನಂಬರ್ ಇದ್ರೆ ಉಪ್ಪು ಗಾಳಿ ತಿಂದಿರುತ್ತೆ, ಇನ್ನೂ ಹುಷಾರಾಗಿ ನೋಡಿ. ಹೊಸದಾಗಿ ಕಪ್ಪು ಅಂಡರ್ ಕೋಟಿಂಗ್ ಹೊಡೆಸಿದ್ರೆ ಖುಷಿ ಪಡ್ಬೇಡಿ, ಮಾರೋಕೆ ಮುಂಚೆ ಯಾಕೆ ಹೊಡೆಸಿದ್ರು ಅಂತ ಯೋಚನೆ ಮಾಡಿ. ಚಾಸೀಲಿ ವೆಲ್ಡಿಂಗ್ ಗುರುತು ಕಂಡ್ರೆ, ಅದೂ ಸ್ಟೀರಿಂಗ್ ಬಾಕ್ಸ್ ಹತ್ರ, ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ.

ಕೆಳಗೆ ಇರುವಾಗ್ಲೇ ಪ್ರೊಪೆಲ್ಲರ್ ಶಾಫ್ಟ್ ಎರಡೂ ಕೈಲಿ ಹಿಡಿದು ತಿರುಚಿ ನೋಡಿ, ಕ್ರಾಸಲ್ಲಿ ಕಟಕಟ ಅಂತ ಆಟ ಇರಬಾರದು. ಲೀಫುಗಳಲ್ಲಿ ಮುರಿದಿದ್ದು ಇದ್ಯಾ, ಬುಷ್ ಹರಿದಿದ್ಯಾ, ಯು ಬೋಲ್ಟ್ ಸಡಿಲ ಇದ್ಯಾ ನೋಡಿ. ಹೌಸಿಂಗ್ ಒದ್ದೆ ಒದ್ದೆ ಇದ್ರೆ ಸೀಲ್ ಹೋಗಿದೆ, ಅದು ಸಣ್ಣ ಖರ್ಚು, ಹೆದರ್ಬೇಡಿ. ಜಿಪ್ಸಿಲಿ ಮುಖ್ಯವಾಗಿ ನೋಡ್ಬೇಕಾದ್ದು ಕಿಂಗ್ ಪಿನ್ ಬೇರಿಂಗ್, ಅಂದ್ರೆ ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗೋ ಕೀಲಿಂದು. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದ್ರೆ ಐವತ್ತು ಅರವತ್ತು ಸ್ಪೀಡಲ್ಲಿ ಒಂದು ಗುಂಡಿ ಸಿಕ್ಕಿದ್ ತಕ್ಷಣ ಸ್ಟೀರಿಂಗ್ ಗಡಗಡ ನಡುಗೋಕೆ ಶುರುವಾಗುತ್ತೆ, ಗಾಡಿ ನಿಲ್ಲಿಸೋ ತನಕ ನಿಲ್ಲಲ್ಲ. ಬೇರಿಂಗ್ ಬದಲಾಯಿಸಿದ್ರೆ ಸರಿ ಹೋಗುತ್ತೆ, ಆದ್ರೆ ಆ ಖರ್ಚನ್ನ ಬೆಲೇಲಿ ಕಳೀಬೇಕು. ಟೈಮಿಂಗ್ ಬೆಲ್ಟ್ ಕೊನೇ ಸಲ ಯಾವಾಗ ಹಾಕಿಸಿದ್ರು ಕೇಳಿ, ಬಿಲ್ ಇಲ್ಲಾಂದ್ರೆ ನೀವು ತಗೊಂಡ ವಾರದಲ್ಲೇ ಹೊಸದು ಹಾಕ್ಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತೆ, 2319 ಅಂದ್ರೆ 2019ನೇ ಇಸವಿಯ 23ನೇ ವಾರ. ಹೂವು (ಟೈರಿನ ಹಿಡಿತದ ಗೆರೆ) ಎಷ್ಟೇ ಉಳಿದಿರಲಿ, ಆರೇಳು ವರ್ಷದ ಟೈರ್ ಗಟ್ಟಿಯಾಗಿ ಒದ್ದೆ ಕಲ್ಲಿನ ಮೇಲೆ ಜಾರುತ್ತೆ. ನಾಲ್ಕೂ ಒಂದೇ ಸೈಜು, ಹೆಚ್ಚುಕಮ್ಮಿ ಒಂದೇ ಸವೆತ ಇರ್ಲೇಬೇಕು, ಇಲ್ಲಾಂದ್ರೆ ಫೋರ್ ಹಾಕಿದಾಗ ಮುಂದೆ ಹಿಂದೆ ಎಳೆದಾಡ್ಕೊಂಡು ಟ್ರಾನ್ಸ್‌ಫರ್ ಕೇಸಿಗೆ ಏಟು.

ಓಡಿಸಿ ನೋಡೋದು ಟಾರ್ ರಸ್ತೇಲಿ ಒಂದು ಸುತ್ತು ಹೊಡೆದು ಮುಗಿಸೋದಲ್ಲ. ಟಾರಲ್ಲಿ ಬ್ರೇಕು ಒಂದು ಕಡೆ ಎಳೆಯುತ್ತಾ, ಕ್ರೌನ್ ಸೌಂಡ್ ಇದ್ಯಾ ಅಷ್ಟು ನೋಡಿ, ಆಕ್ಸಿಲರೇಟರ್ ಕೊಟ್ಟಾಗ ಒಂದು ತರ ಬಿಟ್ಟಾಗ ಇನ್ನೊಂದು ತರ ಊಳಿಟ್ರೆ ಡಿಫರೆನ್ಷಿಯಲ್ ಕೆಲ್ಸ ಬಂದಿದೆ. ಆಮೇಲೆ ಮಣ್ಣಿಗೆ ಇಳಿಸಿ. ಥಾರ್, ಜಿಪ್ಸಿ ಎರಡೂ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್, ಅಂದ್ರೆ ಬೇಕಾದಾಗ ಮಾತ್ರ ಫೋರ್ ಹಾಕೋದು, ಒಣಗಿದ ಟಾರ್ ಮೇಲೆ ಫೋರ್ ಹಾಕಿ ತಿರುಗಿಸಬಾರದು, ಟೆಸ್ಟ್ ಮಾಡೋದೂ ಸಡಿಲ ಮಣ್ಣಲ್ಲೇ. ಜಿಪ್ಸಿಲಿ ಮುಂದಿನ ಹಬ್ (ಚಕ್ರದ ಮಧ್ಯದ ಬಿಲ್ಲೆ) ಕೈಯಿಂದ ಲಾಕ್ ಕಡೆಗೆ ತಿರುಗಿಸ್ಬೇಕು, ಸಲೀಸಾಗಿ ತಿರುಗಬೇಕು. ಗಾಡಿ ನಿಲ್ಲಿಸಿ ಕ್ಲಚ್ ಒತ್ತಿ ಫೋರ್ ಲೋಗೆ ಹಾಕಿ, ಒಂದು ಜಾರು ಏರಲ್ಲಿ ಮೊದಲನೇ ಗೇರಲ್ಲಿ ನಿಧಾನ ಹತ್ತಿಸಿ, ಜೊತೆಗೆ ಬಂದವರು ಹೊರಗೆ ನಿಂತು ಮುಂದಿನ ಚಕ್ರ ನಿಜವಾಗ್ಲೂ ಎಳೀತಿದ್ಯಾ ಅಂತ ನೋಡ್ಲಿ, ಡ್ಯಾಶ್‌ಬೋರ್ಡಿನ ಲೈಟ್ ನಂಬ್ಬೇಡಿ. ಇಳಿಜಾರಲ್ಲಿ ಅದೇ ಗೇರಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಸಿ, ಗೇರೋ ಟ್ರಾನ್ಸ್‌ಫರ್ ಲಿವರೋ ತಾನಾಗೇ ನ್ಯೂಟ್ರಲ್‌ಗೆ ಹಾರಿದ್ರೆ ಆ ಗಾಡಿ ಬೇಡ, ಇಂಜಿನ್ ಬ್ರೇಕ್ ನಂಬ್ಕೊಂಡು ಇಳೀತಿರುವಾಗ ಹಂಗಾದ್ರೆ ಪ್ರಾಣಕ್ಕೇ ಕುತ್ತು. ಕೊಡಚಾದ್ರಿ, ಮಾಂದಲ್‌ಪಟ್ಟಿ ಕಡೆ ಟೂರಿಸ್ಟುಗಳನ್ನ ಹತ್ತಿಸಿ ಇಳಿಸಿದ ಗಾಡಿಗಳಲ್ಲಿ ಗೇರ್ ಹಾರೋದು, ಕ್ಲಚ್ ಸವೆದಿರೋದು ಸಾಮಾನ್ಯ. ಅವರ ತಪ್ಪಲ್ಲ, ಆ ದಾರಿನೇ ಹಂಗಿದೆ, ಆದ್ರೆ ಅಂಥಾ ಗಾಡಿ ಬಣ್ಣ ಬಳಿಸ್ಕೊಂಡು ವೈಟ್ ಬೋರ್ಡಲ್ಲಿ ಬಂದಿರಬಹುದು, ಆರ್‌ಸಿಲಿ ಗಾಡಿಯ ಕ್ಲಾಸ್ ಏನಂತ ಬರ್ದಿದೆ, ಹಿಂದೆ ಏನಿತ್ತು ಅಂತ ನೋಡ್ಕೊಳ್ಳಿ.

ಪೇಪರ್ ವಿಷಯ. ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿ ಓನರ್ ಎಷ್ಟನೇಯವರು, ಲೋನ್ ಇದ್ಯಾ, ಇನ್ಶೂರೆನ್ಸ್ ಎಲ್ಲೀ ತನಕ ಇದೆ ನೋಡಿ, ಚಾಸಿ ಮೇಲೆ ಒತ್ತಿರೋ ನಂಬರನ್ನ ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ಮಾಡಿ. 2008ರ ಜಿಪ್ಸಿಗೆ 2023ಕ್ಕೇ ಹದಿನೈದು ವರ್ಷ ತುಂಬಿದೆ, ಐದು ವರ್ಷಕ್ಕೆ ರಿನ್ಯೂ ಆಗಿ 2028ರ ತನಕ ಇರ್ಬೇಕು. ಆಗಿಲ್ಲಾಂದ್ರೆ ಮಾರೋರೇ ಮಾಡಿಸಿ ಕೊಡ್ಲಿ, 2022ರ ಏಪ್ರಿಲ್‌ನಿಂದ ಕಾರು ಜೀಪಿಗೆ ಬರೀ ರಿನ್ಯೂವಲ್ ಫೀಸೇ 600ರಿಂದ 5,000ಕ್ಕೆ ಏರಿದೆ, ಅದರ ಮೇಲೆ ಹಸಿರು ತೆರಿಗೆ, ಎಫ್‌ಸಿಗೆ ಗಾಡಿ ಸಿದ್ಧ ಮಾಡೋ ಖರ್ಚು ಬೇರೆ. ಬೆಂಗಳೂರಿನ ಗಾಡಿಗೆ ಟ್ರಾಫಿಕ್ ಫೈನ್ ಬಾಕಿ ನೋಡದೇ ಇರ್ಬೇಡಿ. ಲೋನ್ ಇದ್ದಿದ್ರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರ್ಮ್ 35 ಬೇಕು, ಮಾರಾಟಕ್ಕೆ ಫಾರ್ಮ್ 29 ಮತ್ತೆ 30. ಆಮೇಲೆ ಹಳೇ ಇನ್ಶೂರೆನ್ಸ್ ಪಾಲಿಸಿ ಕಾಪಿ ಕೇಳಿ, ಅದರಲ್ಲಿ ನೋ ಕ್ಲೈಮ್ ಬೋನಸ್ ಶೇಕಡಾ 50 ಅಂತ ಇದ್ರೆ ಕಮ್ಮಿ ಅಂದ್ರೂ ಐದು ವರ್ಷ ಕ್ಲೈಮ್ ಆಗಿಲ್ಲ ಅಂತ, ಸೊನ್ನೆ ಇದ್ರೆ ಏನಾಗಿತ್ತು ಅಂತ ಕೇಳೋಕೆ ನಿಮ್ಗೆ ಕಾರಣ ಸಿಕ್ತು. ಆ ಬೋನಸ್ ಓನರ್‌ದು, ನಿಮ್ಗೆ ಬರಲ್ಲ. ಗಾಡಿ ನಿಮ್ಮ ಕೈಗೆ ಬಂದ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ.

ಈ ಮೂರೂ ಸರಿ ಹೋಗ್ಲಿಲ್ಲ ಅಂದ್ರೆ ಆನ್‌ಲೈನಲ್ಲೇ ಹುಡುಕ್ತಾ ಕೂರ್ಬೇಡಿ. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆಲಿ ಜೀಪ್ ಕೆಲ್ಸ ಮಾಡೋ ಹಳೇ ಮೆಕ್ಯಾನಿಕ್‌ಗಳ ಹತ್ರ ಹೇಳಿಡಿ. ಯಾರ ಗಾಡಿ ಚೆನ್ನಾಗಿದೆ, ಯಾರು ಹೊಸದು ಬುಕ್ ಮಾಡಿದ್ದಾರೆ, ಯಾರ ಮಗ ಬೆಂಗಳೂರಿಗೆ ಹೋಗಿ ಜೀಪು ಶೆಡ್ಡಲ್ಲಿ ನಿಂತಿದೆ ಎಲ್ಲಾ ಅವರಿಗೆ ಗೊತ್ತಿರುತ್ತೆ. ಕಾಫಿ ಕೊಯ್ದು ದುಡ್ಡು ಕೈಗೆ ಬಂದ್ಮೇಲೆ ಗಾಡಿ ಬದಲಾಯಿಸೋರು ಜಾಸ್ತಿ, ಮೇ ತಿಂಗಳಲ್ಲಿ ಮಳೆ ಹತ್ರ ಬಂತು ಅಂತ ಎಲ್ಲರೂ ಜೀಪು ಹುಡುಕೋಕೆ ಶುರು ಮಾಡಿದಾಗ ಹೋದ್ರೆ ರೇಟು ಇಳಿಯಲ್ಲ. ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ, ಪೆಟ್ರೋಲ್ ಕೊಟ್ಟು ಜೊತೆಗೆ ಕರ್ಕೊಂಡು ಹೋಗಿ, ಆದ್ರೆ ಆ ಗಾಡಿನ ಇಷ್ಟು ದಿನ ನೋಡ್ಕೊಳ್ತಿದ್ದ ಮೆಕ್ಯಾನಿಕ್ಕೇ ಆಗಿರಬಾರದು, ಇಬ್ಬರ ಕಡೆಯಿಂದಾನೂ ಮಾತಾಡೋ ಸಂಕಟ ಅವರಿಗೆ ಬೇಡ.

ಯಾವ ಗಾಡಿನೇ ಆಗ್ಲಿ, ಒಪ್ಪಿದ ಬೆಲೆ ಅಲ್ದೆ ಐವತ್ತು ಅರವತ್ತು ಸಾವಿರ ಬೇರೆ ಎತ್ತಿಡಿ, ಇಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ ಐದು ಕಡೆ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್, ಬೆಲ್ಟು, ಬ್ರೇಕ್ ಲೈನಿಂಗ್ ಇವೆಲ್ಲ ತಂದ ತಕ್ಷಣ ಮುಗಿಸ್ಬೇಕು. ಕೊಡಗಿನವರಿಗೆ ಈ ವಾರನೇ ಫೋನ್ ಮಾಡಿ. ಗಾಡಿ ಕೆಳಗೆ ಮಲಗಿ ನೋಡ್ತೀವಿ, ಫೋರ್ ಲೋದಲ್ಲಿ ಓಡಿಸ್ತೀವಿ, ಮೆಕ್ಯಾನಿಕ್ ಜೊತೆಗೆ ಬರ್ತಾರೆ ಅಂತ ಮೊದ್ಲೇ ಹೇಳಿ. ಬನ್ನಿ ಅಂದ್ರೆ ಹೋಗಿ, ಚಾಸಿ ಗಟ್ಟಿ ಇದ್ದು ಗೇರ್ ಹಾರದೇ ಇದ್ದು ಆರ್‌ಸಿ 2028ರ ತನಕ ಇದ್ರೆ, ಕಿಂಗ್ ಪಿನ್, ಸೀಲು, ಟೈರಿನ ಖರ್ಚು ಕಳೆದು ಮಾತಾಡಿ ತಗೊಂಡು ಬನ್ನಿ.